ಮಳೆ ನಕ್ಷತ್ರಗಳು ಹಿಂದೆ ಬಿದ್ದಿವೆಯೆ?

ಯುಗಾದಿಯ ಸಂಜೆ ದೇವಸ್ಥಾನದ ಜಗಲಿಯಲ್ಲಿ ಪಂಚಾಂಗಶ್ರವಣ ನಡೆಯುವಾಗ, ಈ ಸಂವತ್ಸರಕ್ಕೆ ರಾಜನಾರು, ಮಂತ್ರಿಯಾರು ಎಂಬ ಭಾಗಕ್ಕೆ ಸುಮ್ಮನೆ ತಲೆದೂಗುತ್ತ ಕುಳಿತ ರೈತನ ಕಿವಿ ನಿಜವಾಗಿ ನಿಮಿರುವುದು ಮಳೆ ಎಷ್ಟು ಆಢಕ ಎಂಬ ಮಾತು ಬಂದಾಗ. ಅದೇ ರೈತನ ಜೇಬಿನಲ್ಲಿ ಇಂದು ಮೊಬೈಲ್ ಫೋನೂ ಉಂಟು. ಹವಾಮಾನ ಇಲಾಖೆಯ ಮುನ್ಸೂಚನೆ ಅದರಲ್ಲಿಯೂ ಬರುತ್ತದೆ. ಒಂದನ್ನು ನಂಬಿ ಮತ್ತೊಂದನ್ನು ಹಳಿಯುವುದು ರೂಢಿ. ಬೀಜ ಮನೆಯ ಕಣಜದಿಂದಲೇ ಬರುತ್ತಿದ್ದ ಕಾಲದಲ್ಲಿ ತಪ್ಪಿದ ಬಿತ್ತನೆಯನ್ನು ಹೇಗೋ ಇನ್ನೊಮ್ಮೆ ಮಾಡಬಹುದಾಗಿತ್ತು. ಬೀಜಕ್ಕೂ ಗೊಬ್ಬರಕ್ಕೂ ಸಾಲ ತರಬೇಕಾದ ಈ ಕಾಲದಲ್ಲಿ ಒಂದು ಮಳೆಯ ಲೆಕ್ಕ ತಪ್ಪಿದರೆ ಒಂದು ಸಂಸಾರದ ವರ್ಷವೇ ತಪ್ಪುತ್ತದೆ. ಆದುದರಿಂದ ಈ ಎರಡು ಲೆಕ್ಕಗಳೂ ನಿಜವಾಗಿ ಏನನ್ನು ಹೇಳುತ್ತವೆ ಎಂಬುದನ್ನು ಸ್ವಲ್ಪ ತಾಳ್ಮೆಯಿಂದ ನೋಡುವುದು ಒಳ್ಳೆಯದು.

ಮೊದಲು ನಮ್ಮ ಹಳೆಯ ಲೆಕ್ಕ. ರೋಹಿಣಿ ಮಳೆ, ಆರಿದ್ರೆ ಮಳೆ ಎನ್ನುವಾಗ ನಾವು ಹೇಳುವುದು ಚಂದ್ರನ ದಿನನಕ್ಷತ್ರವನ್ನಲ್ಲ. ಸೂರ್ಯನು ಆ ನಕ್ಷತ್ರದಲ್ಲಿರುವ ಹದಿಮೂರು ಹದಿನಾಲ್ಕು ದಿನಗಳ ಅವಧಿಯನ್ನು. ಏಪ್ರಿಲ್ ನಡುವಿನಲ್ಲಿ ಅಶ್ವಿನಿಯಿಂದ ಹೊರಟ ಈ ಸಾಲಿನಲ್ಲಿ ಮೇ ೨೫ರ ಸುಮಾರಿಗೆ ರೋಹಿಣಿ, ಜೂನ್ ೮ಕ್ಕೆ ಮೃಗಶಿರೆ, ಜೂನ್ ೨೨ರ ವೇಳೆಗೆ ಆರಿದ್ರೆ ಬರುತ್ತವೆ. ರೋಹಿಣಿ ಮಳೆಗೆ ಓಣಿಯೆಲ್ಲ ಜೋಳ. ಆದರೆ ಆರಿದ್ರೆ, ಇಲ್ಲದಿದ್ದರೆ ದರಿದ್ರ. ಮಘೆ ಮಳೆ ಬಂದಷ್ಟೂ ಒಳ್ಳೇದು, ಮನೆಮಗ ಉಂಡಷ್ಟೂ ಒಳ್ಳೇದು—ಇಂಥ ಗಾದೆಗಳನ್ನು ಕೇಳದ ಕನ್ನಡಿಗನುಂಟೆ? ಓದುಬರಹವಿಲ್ಲದವನಿಗೂ ಕೃಷಿಯ ದಿನಚರಿಯನ್ನು ನಾಲಗೆಯ ಮೇಲೆ ನಿಲ್ಲಿಸಿದ ಈ ಉಪಾಯಕ್ಕೆ ಸಾಟಿಯಾದುದು ನನಗಂತೂ ಬೇರೆ ಕಾಣದು.

ಮಳೆಯ ವಿಚಾರ ನಮ್ಮಲ್ಲಿ ಗಾದೆಗಳಲ್ಲಿ ಮಾತ್ರ ಉಳಿದುದಲ್ಲ. ೧೦೨೫ರಲ್ಲಿ ಎರಡನೆಯ ಚಾವುಂಡರಾಯನು ರಚಿಸಿದ ಲೋಕೋಪಕಾರದಲ್ಲಿ ವೃಷ್ಟಿಲಕ್ಷಣಕ್ಕೆ ಸ್ಥಾನವುಂಟು. ಸುಮಾರು ೧೩೦೦ರಲ್ಲಿದ್ದ ರಟ್ಟಕವಿಯ ರಟ್ಟಮತಕ್ಕಂತೂ ಮಳೆ ಬೆಳೆಗಳ ಶಕುನವೇ ಮುಖ್ಯ ವಸ್ತು. ಕನ್ನಡದ ಪಾಠ ಹೇಳುವವರು ಇಂಥ ಗ್ರಂಥಗಳ ಹೆಸರು ಹೇಳಿ ಮುಂದಕ್ಕೆ ಹೋಗಿಬಿಡುತ್ತೇವೆ. ಒಳಗೇನಿದೆ ಎಂದು ನೋಡುವವರು ವಿರಳ.

ಇಲ್ಲಿಯೇ ಒಂದು ಸ್ವಾರಸ್ಯವಿದೆ. ಸೂರ್ಯನು ಒಂದು ನಕ್ಷತ್ರವನ್ನು ಬಿಟ್ಟು ಮರಳಿ ಅದೇ ನಕ್ಷತ್ರಕ್ಕೆ ಬರಲು ಹಿಡಿಯುವ ಕಾಲವೂ, ಬೇಸಗೆ ಮಳೆಗಾಲಗಳು ಒಂದು ಸುತ್ತು ಮುಗಿಸುವ ಕಾಲವೂ ಸರಿಸಮವಲ್ಲ. ಮೊದಲನೆಯದು ಸುಮಾರು ಇಪ್ಪತ್ತು ನಿಮಿಷದಷ್ಟು ದೀರ್ಘ. ಇಪ್ಪತ್ತು ನಿಮಿಷ ಎಂದರೆ ಏನು ಮಹಾ ಎನ್ನಬೇಡಿ. ಎಪ್ಪತ್ತೊಂದು ಎಪ್ಪತ್ತೆರಡು ವರ್ಷಗಳಲ್ಲಿ ಅದು ಒಂದು ಇಡೀ ದಿನವಾಗುತ್ತದೆ. ಮಳೆಯನ್ನು ತರುವುದು ಋತುವೇ ಹೊರತು ನಕ್ಷತ್ರವಲ್ಲ. ಹೀಗಾಗಿ ಋತು ತನ್ನ ಹೊತ್ತಿಗೆ ಬರುತ್ತಿದ್ದರೂ ನಕ್ಷತ್ರದ ಹೆಸರು ಮಾತ್ರ ತಲೆಮಾರಿಗೆ ಇಷ್ಟಿಷ್ಟರಂತೆ ಹಿಂದೆ ಬೀಳುತ್ತದೆ. ಆರನೆಯ ಶತಮಾನದ ವರಾಹಮಿಹಿರನೇ ಬೃಹತ್ಸಂಹಿತೆಯಲ್ಲಿ ಇದನ್ನು ಗುರುತಿಸಿದ್ದಾನೆ: ದಕ್ಷಿಣಾಯನವು ಹಿಂದೊಮ್ಮೆ ಆಶ್ಲೇಷೆಯ ನಡುವಿನಿಂದ ಮೊದಲಾಗುತ್ತಿತ್ತು, ತನ್ನ ಕಾಲದಲ್ಲಿ ಕರ್ಕಾಟಕದ ಆದಿಗೆ, ಎಂದರೆ ಪುನರ್ವಸುವಿಗೆ ಸರಿದಿದೆ ಎಂದು. ಇಂದು ಸೂರ್ಯನು ದಕ್ಷಿಣಕ್ಕೆ ತಿರುಗುವ ಜೂನ್ ೨೧ರಂದು ಅವನಿರುವುದು ಮೃಗಶಿರೆಯ ಕೊನೆಯಲ್ಲಿ.

ಲೋಕೋಪಕಾರ ರಚಿತವಾಗಿ ಈಗ ಸಾವಿರ ವರ್ಷ. ಸಾವಿರ ವರ್ಷಕ್ಕೆ ಹದಿನಾಲ್ಕು ದಿನ, ಅಂದರೆ ಸರಿಯಾಗಿ ಒಂದು ಮಳೆನಕ್ಷತ್ರ! ಚಾವುಂಡರಾಯನ ಕಾಲದಲ್ಲಿ ಆರಿದ್ರೆಯಾಗಿದ್ದ ಹೊತ್ತು ನಮಗೆ ಮೃಗಶಿರೆಯಾಗಿದೆ. ರಟ್ಟಕವಿಯ ಕಾಲದಿಂದ ಈಚೆಗೆ ಹತ್ತು ದಿನ ಜಾರಿದೆ. ಗಾದೆಗಳ ವಯಸ್ಸನ್ನು ಹೇಳಬಲ್ಲವರಾರು? ಐನೂರು ವರ್ಷ ಹಳೆಯ ಗಾದೆಯಾದರೆ ಒಂದು ವಾರ ಹಿಂದೆ ಬಿದ್ದಿದೆಯೆಂದೇ ಅರ್ಥ.

ಹಾಗಿದ್ದರೆ ರೈತನಿಗೆ ಇದು ತಿಳಿಯಲಿಲ್ಲವೇಕೆ? ಮಳೆಯೇ ವರ್ಷವರ್ಷಕ್ಕೆ ಅದಕ್ಕಿಂತ ಹೆಚ್ಚಾಗಿ ಹೊಯ್ದಾಡುವುದರಿಂದ. ನೈಋತ್ಯ ಮಾರುತ ಕೇರಳಕ್ಕೆ ಬರುವ ವಾಡಿಕೆಯ ದಿನ ಜೂನ್ ೧. ೨೦೨೩ರಲ್ಲಿ ಅದು ಬಂದದ್ದು ಜೂನ್ ೮ಕ್ಕೆ, ೨೦೨೫ರಲ್ಲಿ ಮೇ ೨೪ಕ್ಕೆ. ಎರಡು ವರ್ಷಗಳಲ್ಲಿಯೇ ಹದಿನೈದು ದಿನಗಳ ಅಂತರವಿರುವಾಗ, ಸಾವಿರ ವರ್ಷಗಳ ಹದಿನಾಲ್ಕು ದಿನ ಯಾರ ಕಣ್ಣಿಗೆ ಬಿದ್ದೀತು?

ಗಾದೆಗಳನ್ನು ಗಂಟುಕಟ್ಟಿ ಅಟ್ಟಕ್ಕೆ ಹಾಕಬೇಕೆಂದು ನಾನು ಹೇಳುತ್ತಿಲ್ಲ. ಅವು ಮಳೆ ಬರುವುದನ್ನು ಮುಂದಾಗಿ ಹೇಳುವ ಮಾತುಗಳಲ್ಲ. ಬಂದರೆ ಯಾವ ಪೈರಿಗೆ ಏನಾದೀತು, ಬಾರದಿದ್ದರೆ ಏನಾದೀತು ಎಂಬ ಅನುಭವದ ಮಾತುಗಳು. ಮಘೆಯ ಗಾದೆಯನ್ನೇ ನೋಡಿ. ಆಗಸ್ಟ್ ನಡುವಿನ ಆ ಮಳೆ ನಿಂತ ಪೈರಿನ ಹೊಟ್ಟೆಗೆ ಬೀಳುವ ಅನ್ನ. ೨೦೨೩ರ ಆಗಸ್ಟ್ ತಿಂಗಳಲ್ಲಿ ಭಾರತದಲ್ಲಿ ಬಿದ್ದ ಮಳೆ ೧೯೦೧ರಿಂದೀಚಿನ ಆಗಸ್ಟ್‌ಗಳಲ್ಲೆಲ್ಲ ಕನಿಷ್ಠ. ಆ ವರ್ಷ ಕರ್ನಾಟಕದ ೨೩೬ ತಾಲ್ಲೂಕುಗಳಲ್ಲಿ ೨೨೩ನ್ನು ಬರಪೀಡಿತವೆಂದು ಸಾರಬೇಕಾಯಿತು. ಮನೆಮಗ ಉಣ್ಣದೆ ಮಲಗಿದ ವರ್ಷ ಅದು.

ಇನ್ನು ಹೊಸ ಲೆಕ್ಕ. ಭಾರತದ ಹವಾಮಾನ ಇಲಾಖೆ ಹುಟ್ಟಿದ್ದು ೧೮೭೫ರಲ್ಲಿ. ರೈತರಿಗಾಗಿಯೇ ಆಕಾಶವಾಣಿಯಲ್ಲಿ ಹವಾಮಾನ ವಾರ್ತೆ ಮೊದಲಾದದ್ದು ೧೯೪೫ರಲ್ಲಿ. ಅಂದಿನಿಂದಲೂ ಅದರ ಮೇಲಿರುವ ಅಪವಾದ ಒಂದೇ: ‘ರೇಡಿಯೋದಲ್ಲಿ ಮಳೆ ಎಂದರು, ನಮ್ಮ ಹೊಲಕ್ಕೆ ಒಂದು ಹನಿಯೂ ಬೀಳಲಿಲ್ಲ.’ ಅಪವಾದದಲ್ಲಿ ಸ್ವಲ್ಪ ಹುರುಳುಂಟು. ಆದರೆ ಬಹುಪಾಲು ದೋಷ ವಾರ್ತೆಯ ಭಾಷೆಯನ್ನು ನಮಗಾರೂ ಕಲಿಸದಿರುವುದರಲ್ಲಿದೆ. ‘ಒಂದೆರಡು ಕಡೆ’ ಮಳೆ ಎಂದರೆ ಆ ಪ್ರದೇಶದ ಮಳೆಮಾಪನ ಕೇಂದ್ರಗಳಲ್ಲಿ ನೂರಕ್ಕೆ ಇಪ್ಪತ್ತೈದನ್ನು ಮೀರದಷ್ಟು ಕಡೆ ಎಂದು ಲೆಕ್ಕ. ‘ಕೆಲವು ಕಡೆ’ ಎಂದರೆ ಅರ್ಧದವರೆಗೆ, ‘ಹಲವು ಕಡೆ’ ಎಂದರೆ ಮುಕ್ಕಾಲಿನವರೆಗೆ, ‘ಬಹುತೇಕ ಕಡೆ’ ಎಂದರೆ ಅದಕ್ಕೂ ಮೇಲೆ. ಒಂದೆರಡು ಕಡೆ ಎಂದು ಕೇಳಿ ಕೂರಿಗೆ ಹೂಡಿದವನು ನಾಲ್ಕಕ್ಕೆ ಮೂರು ಪಾಲು ಸೋಲುವ ಪಣಕ್ಕೆ ಬೀಜವನ್ನು ಒಡ್ಡಿದ ಹಾಗಾಯಿತು.

‘ದಕ್ಷಿಣ ಒಳನಾಡು’ ಎಂಬ ಮಾತಿನ ಹರವನ್ನೂ ಗಮನಿಸಬೇಕು. ವರ್ಷಕ್ಕೆ ಏಳು ಸಾವಿರ ಮಿಲಿಮೀಟರಿಗೂ ಮಿಕ್ಕಿ ಮಳೆ ಸುರಿಯುವ ಆಗುಂಬೆಯೂ, ಆರುನೂರನ್ನು ಮುಟ್ಟಲು ಹೆಣಗುವ ಚಳ್ಳಕೆರೆಯೂ ಅದರೊಳಗೇ ಸೇರಿವೆ. ನಡುವಣ ದೂರ ಹಕ್ಕಿ ಹಾರುವ ದಾರಿಯಲ್ಲಿ ಇನ್ನೂರು ಕಿಲೋಮೀಟರಿನೊಳಗೆ. ಈ ಕೊರತೆಯನ್ನು ತುಂಬಲೆಂದೇ ನಮ್ಮ ರಾಜ್ಯ ೧೯೮೮ರಲ್ಲಿ ಬರ ಉಸ್ತುವಾರಿಗೆ ಒಂದು ಕೋಶವನ್ನು ತೆರೆಯಿತು. ಇಂದಿನ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರ ಅದರ ಬೆಳೆದ ರೂಪ. ಗ್ರಾಮ ಪಂಚಾಯಿತಿಗೊಂದರಂತೆ ಅದು ನಿಲ್ಲಿಸಿರುವ ಮಳೆಮಾಪಕಗಳು ಹದಿನೈದು ನಿಮಿಷಕ್ಕೊಮ್ಮೆ ಸುದ್ದಿ ಕಳಿಸುತ್ತವೆ. ೨೦೨೫ರ ಮೇ ತಿಂಗಳಲ್ಲಿ ಹವಾಮಾನ ಇಲಾಖೆಯ ಲೆಕ್ಕದ ಚೌಕವೂ ಹನ್ನೆರಡು ಕಿಲೋಮೀಟರಿನಿಂದ ಆರಕ್ಕೆ ಇಳಿಯಿತು. ಆದರೂ ಎತ್ತಿನ ಒಂದು ಕೊಂಬು ತೊಯ್ದು ಇನ್ನೊಂದು ಒಣಗಿರುವಂಥ ಮಳೆಯನ್ನು ಹಿಡಿಯಲು ಆರು ಕಿಲೋಮೀಟರಿನ ಬಲೆಯೂ ದೊಡ್ಡದೇ.

ಮುನ್ಸೂಚನೆಯ ಬೆಲೆ ಬಯಲುಸೀಮೆಗಿಂತಲೂ ಬೇಗ ತಿಳಿಯುವುದು ಮಲೆನಾಡಿನ ಅಡಿಕೆ ತೋಟದವನಿಗೆ. ಕೊಳೆರೋಗ ಎಂಬ ನಮ್ಮ ಮಾತು ವಿಜ್ಞಾನದ ಗ್ರಂಥಗಳಲ್ಲಿ ಹಾಗೆಯೇ ನಿಂತಿದೆ. ಮೈಸೂರು ಸಂಸ್ಥಾನಕ್ಕೆ ಬಂದಿದ್ದ ಕೋಲ್ಮನ್ ಸಾಹೇಬರು ೧೯೧೦ರಲ್ಲಿ ಅದರ ಮೇಲೆ ಬರೆದ ಪುಸ್ತಕ ಇದಕ್ಕೆ ಕಾರಣ. ನೂರು ಲೀಟರ್ ನೀರಿಗೆ ಒಂದು ಕಿಲೋ ಮೈಲುತುತ್ತ, ಒಂದು ಕಿಲೋ ಸುಣ್ಣ ಬೆರೆಸಿದ ಬೋರ್ಡೋ ದ್ರಾವಣವನ್ನು ಮಳೆಗಾಲ ಹಿಡಿಯುವ ಮೊದಲು ಒಮ್ಮೆ, ನಲವತ್ತು ನಲವತ್ತೈದು ದಿನಗಳ ಮೇಲೆ ಮತ್ತೊಮ್ಮೆ ಕೊನೆಗಳಿಗೆ ಹೊಡೆಯಬೇಕು. ಮೊದಲನೆಯದು ಸುಲಭ. ಎರಡನೆಯದು ಬರುವುದು ಜಡಿಮಳೆಯ ನಡುವೆ. ಹೊಡೆದ ಔಷಧ ಒಣಗುವ ಮುನ್ನ ಮಳೆ ಬಂದರೆ ಮೈಲುತುತ್ತವೂ ಕೂಲಿಯೂ ಹಳ್ಳದ ಪಾಲು. ತೊಯ್ದ ಮರ ಹತ್ತಬೇಕಾದ ಕೊನೆಗೌಡನ ಪ್ರಾಣದ ಮಾತು ಬೇರೆಯೇ. ಇಲ್ಲಿ ಪುಷ್ಯ, ಆಶ್ಲೇಷೆ ಎಂಬ ಹೆಸರುಗಳು ಸಹಾಯಕ್ಕೆ ಬಾರವು. ಮಂಗಳವಾರವೂ ಶುಕ್ರವಾರವೂ ಹೊರಡುವ ಕೃಷಿ ಹವಾಮಾನ ಸಲಹೆಯಲ್ಲಿ ಮುಂದಿನ ಐದು ದಿನಗಳೊಳಗೆ ಒಂದು ಹೊಳವಿನ ದಿನ ಕಂಡರೆ, ಅದೇ ಅವನ ಮುಹೂರ್ತ.

ತನ್ನ ಹೊಲದ ಮಳೆಯನ್ನು ತಾನೇ ಅಳೆದುಕೊಳ್ಳುವುದು ನಮ್ಮ ನಾಡಿಗೆ ಹೊಸದೇನಲ್ಲ. ಮೈಸೂರಿನ ಶಾಮಶಾಸ್ತ್ರಿಗಳು ೧೯೦೯ರಲ್ಲಿ ಬೆಳಕಿಗೆ ತಂದ ಕೌಟಿಲ್ಯನ ಅರ್ಥಶಾಸ್ತ್ರದಲ್ಲಿ, ಉಗ್ರಾಣದ ಬಳಿ ಮಳೆ ಅಳೆಯುವ ಕುಂಡವಿರಬೇಕೆಂಬ ವಿಧಿಯುಂಟು. ಬಿದ್ದ ನೀರನ್ನು ನೋಡಿಯೇ ಹೆಚ್ಚು ನೀರಿನ ಬೆಳೆಯೋ ಕಡಿಮೆ ನೀರಿನದೋ ಎಂದು ನಿಶ್ಚಯಿಸಬೇಕೆಂದೂ ಉಂಟು. ಇಂದು ಅದಕ್ಕೆ ಬುಡದಿಂದ ಬಾಯಿಯವರೆಗೆ ಒಂದೇ ಅಗಲವಿರುವ ಯಾವ ಡಬ್ಬಿಯಾದರೂ ಸಾಕು. ಡಬ್ಬಿ ಸಣ್ಣದಿರಲಿ ದೊಡ್ಡದಿರಲಿ, ನಿಂತ ನೀರಿನ ಆಳ ಒಂದೇ. ಆ ಆಳ ಒಂದು ಮಿಲಿಮೀಟರ್ ಇದ್ದರೆ ಎಕರೆಗೆ ನಾಲ್ಕು ಸಾವಿರ ಲೀಟರ್ ನೀರು ಬಿದ್ದಿದೆ ಎಂದು ತಿಳಿಯಬಹುದು. ಎರಡೂವರೆ ಮಿಲಿಮೀಟರಿಗೆ ಕಡಿಮೆಯಾದರೆ ಇಲಾಖೆ ಅದನ್ನು ಮಳೆಯ ದಿನವೆಂದೇ ಎಣಿಸುವುದಿಲ್ಲ. ಡಬ್ಬಿಯನ್ನು ಮರದಿಂದಲೂ ಸೂರಿನಿಂದಲೂ ದೂರವಿಟ್ಟು, ಬೆಳಿಗ್ಗೆ ಎಂಟೂವರೆಗೆ ಅಳೆದು ಬರೆದಿಡಬೇಕು. ಇಲಾಖೆಯವರು ಅಳೆಯುವ ಹೊತ್ತೂ ಅದೇ.