ಫ್ರಿಜ್ಜಿನ ಎರಡನೆಯ ಬೆಲೆ

ಮನೆಯವರೆಲ್ಲ ಮಲಗಿ, ಬೀದಿಯ ಗದ್ದಲವಡಗಿ, ಗೋಡೆಯ ಗಡಿಯಾರದ ಸದ್ದೂ ಸ್ಪಷ್ಟವಾಗಿ ಕೇಳಿಸತೊಡಗುವ ನಡುರಾತ್ರಿಯಲ್ಲಿ, ಅಡುಗೆಮನೆಯ ಮೂಲೆಯಿಂದ ಒಂದು ಗುಂಯ್‌ಕಾರ ಮೆಲ್ಲನೆ ಹೊರಟು, ಕೆಲವು ನಿಮಿಷ ನಡೆದು, ಒಮ್ಮೆ ಕುಲುಕಿ ನಿಂತುಹೋಗುವುದನ್ನು ಕೇಳದವರು ಈಗ ವಿರಳ. ಮಿಕ್ಸಿ ಬೆಳಿಗ್ಗೆ ಐದು ನಿಮಿಷ ಅಬ್ಬರಿಸಿ ಸುಮ್ಮನಾಗುತ್ತದೆ. ಇಸ್ತ್ರಿಪೆಟ್ಟಿಗೆ ವಾರಕ್ಕೆರಡು ಸಲ ಬಿಸಿಯೇರಿ ತಣಿಯುತ್ತದೆ. ಹಗಲಿರುಳೆನ್ನದೆ ವರ್ಷವಿಡೀ ಎಚ್ಚರವಾಗಿರುವ ದೊಡ್ಡ ಗೃಹಯಂತ್ರವೆಂದರೆ ಫ್ರಿಜ್ಜೊಂದೇ. ಆದುದರಿಂದಲೇ ಅದಕ್ಕೆ ಎರಡು ಬೆಲೆಗಳುಂಟು. ಮೊದಲನೆಯದನ್ನು ಅಂಗಡಿಯವನೊಡನೆ ಚೌಕಾಸಿ ಮಾಡಿ, ಹಬ್ಬದ ರಿಯಾಯಿತಿಗೆ ಕಾದು, ಒಂದೇ ಸಲ ಕೊಟ್ಟು ಮರೆಯುತ್ತೇವೆ; ಎರಡನೆಯದನ್ನು ಮೀಟರಿನ ಮೂಲಕ, ಚೌಕಾಸಿಗೆ ಆಸ್ಪದವೇ ಇಲ್ಲದಂತೆ, ಹತ್ತು ಹದಿನೈದು ವರ್ಷಗಳ ಕಾಲ ತಿಂಗಳು ತಿಂಗಳೂ ಸಲ್ಲಿಸುತ್ತೇವೆ. ಈ ಎರಡನೆಯ ಬೆಲೆಯನ್ನು ಯಂತ್ರದ ಹಣೆಯ ಮೇಲೆಯೇ ಬರೆಯಿಸಬೇಕೆಂಬ ಪ್ರಯತ್ನದ ಫಲವೇ ಅದರ ಬಾಗಿಲಿಗೆ ಅಂಟಿಸಿರುವ ನಕ್ಷತ್ರದ ಚೀಟಿ.

ನಮ್ಮೂರಿನ ಸಂತೆಯಲ್ಲಿ ಹಿರಿಯರೊಬ್ಬರು, ರಾಗಿ ಕೊಳ್ಳುವ ಮುನ್ನ, ವ್ಯಾಪಾರಿಯ ತೂಕದ ಕಲ್ಲನ್ನೆತ್ತಿ ತಿರುವಿ, ಅದರ ಅಡಿಯ ಸೀಸದ ಮೇಲೆ ಒತ್ತಿದ್ದ ಸರ್ಕಾರದ ಮುದ್ರೆಯನ್ನು ಕಣ್ಣಿನ ಹತ್ತಿರ ಹಿಡಿದು ನೋಡುತ್ತಿದ್ದುದನ್ನು ನಾನು ಬಾಲ್ಯದಲ್ಲಿ ಕಂಡಿದ್ದೇನೆ. ಮುದ್ರೆ ಇದೆಯಲ್ಲ ಅಜ್ಜ, ಇನ್ನೇನು ನೋಡುತ್ತೀರಿ ಎಂದು ಕೇಳಿದರೆ, “ಮುದ್ರೆ ಎಲ್ಲರ ಕಲ್ಲಿಗೂ ಇರ್ತದೆ ಮಗಾ, ಯಾವ ವರ್ಷದ್ದು ಅಂತ ನೋಡಬೇಕು” ಎನ್ನುತ್ತಿದ್ದರು. ಆ ಮಾತಿನ ಪೂರ್ಣಾರ್ಥ ನನಗೆ ಹೊಳೆದುದು ಬಹುಕಾಲದ ತರುವಾಯ, ಫ್ರಿಜ್ಜಿನ ಅಂಗಡಿಯಲ್ಲಿ.

ರಾಗಿಯನ್ನಾದರೂ ಅಂಗೈಯಲ್ಲಿ ಹಿಡಿದು ನೋಡಬಹುದು. ವಿದ್ಯುಚ್ಛಕ್ತಿಯನ್ನು ಕಾಣುವಂತಿಲ್ಲ, ಮೂಸುವಂತಿಲ್ಲ, ಮುಟ್ಟುವುದಂತೂ ಪ್ರಾಣಕ್ಕೆ ಅಪಾಯ. ಸಾವಿರ ವಾಟಿನ ಯಂತ್ರವೊಂದು ಒಂದು ಗಂಟೆ ನಡೆಯಲು ಬೇಕಾಗುವ ಶಕ್ತಿಯೇ ಒಂದು ಯೂನಿಟ್ ಎಂಬ ಪಠ್ಯಪುಸ್ತಕದ ವ್ಯಾಖ್ಯೆ ನಿರ್ದುಷ್ಟವಾದರೂ ಮನಸ್ಸಿನ ಮುಂದೆ ಚಿತ್ರವನ್ನು ನಿಲ್ಲಿಸುವುದಿಲ್ಲ. ೧೯೦೨ರಲ್ಲಿ ಶಿವನಸಮುದ್ರದ ನೀರಿನ ಬಲದಿಂದ ಕೋಲಾರದ ಚಿನ್ನದ ಗಣಿಗಳಿಗೆ ವಿದ್ಯುತ್ತನ್ನು ಹರಿಸಿದ ನಾಡಿನವರಾದ ನಾವು ಅದನ್ನು ನೀರಿನಲ್ಲಿಯೇ ಅಳೆದು ನೋಡಬಹುದು. ಜೋಗದ ಕಣಿವೆಯ ೨೫೩ ಮೀಟರ್ ಎತ್ತರದಿಂದ ಬೀಳುವ ನೀರಿನ ಶಕ್ತಿಯನ್ನು ಒಂದಿಷ್ಟೂ ನಷ್ಟವಿಲ್ಲದೆ ವಿದ್ಯುತ್ತಾಗಿ ಮಾರ್ಪಡಿಸುವ ಆದರ್ಶಯಂತ್ರವೊಂದಿದೆಯೆಂದು ಭಾವಿಸಿಕೊಂಡರೂ, ಒಂದು ಯೂನಿಟ್ಟಿಗೆ ಸುಮಾರು ೧,೪೫೦ ಲೀಟರ್ ನೀರು ಧುಮುಕಬೇಕು. ವರ್ಷಕ್ಕೆ ೨೦೦ ಯೂನಿಟ್ ಬೇಡುವ ಫ್ರಿಜ್ಜನ್ನು ಮನೆಯಲ್ಲಿ ಸಾಕುವುದೆಂದರೆ, ನಮ್ಮ ಹಾಲು ಮೊಸರು ಮತ್ತು ನಿನ್ನೆಯ ಸಾರಿನ ಸಂರಕ್ಷಣೆಗಾಗಿ ದಿನವೂ ಸುಮಾರು ೮೦೦ ಲೀಟರ್ ನೀರನ್ನು ಅಷ್ಟೆತ್ತರದಿಂದ ಬೀಳಿಸಿದಂತೆ.

ಇಷ್ಟು ಶಕ್ತಿಯನ್ನುಂಡು ಈ ಯಂತ್ರ ಮಾಡುವುದಾದರೂ ಏನು? ಅದು ತಂಪನ್ನು ಉತ್ಪಾದಿಸುತ್ತದೆಂಬುದು ಲೋಕರೂಢಿಯ ಮಾತು. ಆದರೆ ತಂಪೆಂಬ ವಸ್ತು ಪ್ರಕೃತಿಯಲ್ಲಿಲ್ಲ, ಇರುವುದು ಉಷ್ಣ ಮತ್ತು ಅದರ ಅಭಾವ ಮಾತ್ರ. ಬೇಸಗೆಯಲ್ಲಿ ಮಣ್ಣಿನ ಹೂಜಿಯ ನೀರು ತಣ್ಣಗಿರುವುದನ್ನು ನೆನೆಯಿರಿ. ಒಂದು ಗ್ರಾಂ ನೀರನ್ನು ಒಂದು ಡಿಗ್ರಿ ಬಿಸಿಮಾಡಲು ಒಂದು ಕ್ಯಾಲೊರಿ ಸಾಕಾದರೆ, ಅದೇ ಒಂದು ಗ್ರಾಂ ನೀರು ಆವಿಯಾಗಿ ಹಾರಿಹೋಗಲು ಸುಮಾರು ೫೮೦ ಕ್ಯಾಲೊರಿ ಬೇಕು. ಹೂಜಿಯ ಸೂಕ್ಷ್ಮರಂಧ್ರಗಳಿಂದ ಜಿನುಗಿ ಆವಿಯಾಗುವ ತೇವ ಈ ಉಷ್ಣವನ್ನು ಬಹುಪಾಲು ಒಳಗಿನ ನೀರಿನಿಂದಲೇ ಕಿತ್ತುಕೊಂಡು ಹೋಗುವುದರಿಂದ ಉಳಿದ ನೀರು ತಣಿಯುತ್ತದೆ. ಹೂಜಿಗೂ ಫ್ರಿಜ್ಜಿಗೂ ತತ್ತ್ವದಲ್ಲಿ ಭೇದವಿಲ್ಲ. ಹೂಜಿ ತನ್ನ ಆವಿಯನ್ನು ಗಾಳಿಗೆ ದಾನಮಾಡಿಬಿಡುತ್ತದೆ, ಫ್ರಿಜ್ಜು ಮಾತ್ರ ಕೃಪಣನಂತೆ ಅದೇ ಆವಿಯನ್ನು ಹಿಡಿದಿಟ್ಟು, ಮತ್ತೆ ದ್ರವವಾಗಿಸಿ, ಮತ್ತೆ ದುಡಿಸುತ್ತದೆ.

ಈ ಕೃಪಣತೆಯ ಕ್ರಮವನ್ನು, ಈಥರ್ ದ್ರವವನ್ನು ಬಳಸಿ, ೧೮೩೪ರಲ್ಲಿಯೇ ಜೇಕಬ್ ಪರ್ಕಿನ್ಸ್ ಎಂಬ ಅಮೆರಿಕದ ಯಂತ್ರಶಿಲ್ಪಿ ಲಂಡನ್ನಿನಲ್ಲಿ ಪೇಟೆಂಟ್ ಮಾಡಿಸಿದನು. ಇಂದಿನ ಹೊಸ ಫ್ರಿಜ್ಜುಗಳಲ್ಲಿ ಬಹುಪಾಲಿನೊಳಗೆ ಸುತ್ತುವುದು ಐಸೋಬ್ಯುಟೇನ್. ನೀರು ೧೦೦ ಡಿಗ್ರಿಯಲ್ಲಿ ಕುದಿದರೆ ಇದು ಶೂನ್ಯಕ್ಕಿಂತ ೧೨ ಡಿಗ್ರಿ ಕೆಳಗೇ ಕುದಿಯತಕ್ಕ ದ್ರವ್ಯ. ಕೂದಲಿನಂತೆ ಕಿರಿದಾದ ಕೊಳವೆಯೊಂದರಿಂದ ನುಸುಳಿ, ಒಳಗಿನ ವಿಶಾಲವಾದ ಸುರುಳಿಗೆ ಬಂದೊಡನೆ ಒತ್ತಡ ಕಳೆದುಕೊಂಡು, ಸುತ್ತಲಿನ ತರಕಾರಿ ಹಾಲುಗಳ ಉಷ್ಣವನ್ನು ಹೀರಿ ಅದು ಆವಿಯಾಗುತ್ತದೆ. ಆ ಆವಿಯನ್ನು ಸಂಪೀಡಕ, ಅಂದರೆ ಅಂಗಡಿಯವರ ಮಾತಿನ ಕಂಪ್ರೆಸರು, ಎಳೆದು ಅದುಮಿದಾಗ ಸೈಕಲ್ಲಿನ ಪಂಪು ಬಿಸಿಯಾಗುವಂತೆ ಬಿಸಿಯಾಗುತ್ತದೆ. ಬಿಸಿಯಾದ ಆವಿ ಹೊರಮೈಯ ಕೊಳವೆಗಳಲ್ಲಿ ಹರಿಯುತ್ತ ಉಷ್ಣವನ್ನು ಅಡುಗೆಮನೆಯ ಗಾಳಿಗೆ ಒಪ್ಪಿಸಿ ಪುನಃ ದ್ರವವಾಗುತ್ತದೆ. ಹೊಸ ಫ್ರಿಜ್ಜಿನ ಪಕ್ಕದ ತಗಡು ಬೆಚ್ಚಗಾಯಿತೆಂದು ಗಾಬರಿಗೊಂಡು ಅಂಗಡಿಗೆ ಫೋನು ಮಾಡುವವರುಂಟು. ಆ ತಗಡಿನ ಹಿಂದೆಯೇ ಈ ಕೊಳವೆಗಳು ಅಡಗಿರುವುದರಿಂದ ಅದು ಬೆಚ್ಚಗಿರುವುದು ರೋಗವಲ್ಲ, ಆರೋಗ್ಯದ ಲಕ್ಷಣ.

ಫ್ರಿಜ್ಜು ಒಂದು ಉಷ್ಣದ ಏತ ಎಂಬುದು ಇದರಿಂದ ಸಿದ್ಧವಾಯಿತು: ಏತ ನೀರನ್ನು ಸೃಷ್ಟಿಸುವುದಿಲ್ಲ, ಕೆಳಗಿನದನ್ನು ಮೇಲಕ್ಕೆತ್ತುತ್ತದೆ, ಫ್ರಿಜ್ಜು ಒಳಗಿನ ಉಷ್ಣವನ್ನು ಹೊರಕ್ಕೆತ್ತುತ್ತದೆ. ಸೆಕೆಯ ದಿನ ಅಡುಗೆಮನೆಯ ಕಿಟಕಿಗಳನ್ನು ಮುಚ್ಚಿ, ಫ್ರಿಜ್ಜಿನ ಬಾಗಿಲನ್ನು ತೆರೆದಿಟ್ಟು ತಂಪಾಗಬಹುದೆಂದು ಕುಳಿತವನಿಗೆ ಕೊನೆಗೆ ಸೆಕೆಯೇ ಹೆಚ್ಚಾಗುವುದು ಇದರಿಂದಲೇ. ಎತ್ತಿದ ಉಷ್ಣ ಅದೇ ಕೋಣೆಗೆ ಮರಳುವುದಲ್ಲದೆ, ಏತಕ್ಕೆ ವ್ಯಯಿಸಿದ ವಿದ್ಯುತ್ತೂ ಉಷ್ಣವಾಗಿ ಅದರೊಡನೆ ಸೇರಿಕೊಳ್ಳುತ್ತದೆ. ಹೀಗಿರಲಾಗಿ, ಫ್ರಿಜ್ಜಿನ ದಕ್ಷತೆಯ ಪ್ರಶ್ನೆ ಎರಡು ಪ್ರಶ್ನೆಗಳಾಗಿ ಒಡೆಯುತ್ತದೆ: ಹೊರಗಿನ ಉಷ್ಣ ಒಳಕ್ಕೆ ಎಷ್ಟು ಸೋರುತ್ತದೆ, ಸೋರಿದ್ದನ್ನು ಏತ ಎಷ್ಟು ಕಡಿಮೆ ಖರ್ಚಿನಲ್ಲಿ ಎತ್ತಿಹಾಕುತ್ತದೆ. ಮೊದಲನೆಯದಕ್ಕೆ ಉತ್ತರ ಗೋಡೆಯೊಳಗೆ ತುಂಬಿದ ಪಾಲಿಯುರೆಥೇನ್ ನೊರೆಯ ದಪ್ಪದಲ್ಲಿಯೂ ಬಾಗಿಲಂಚಿನ ರಬ್ಬರಿನ ಬಿಗಿಯಲ್ಲಿಯೂ ಇದೆ. ಎರಡನೆಯದು ಸಂಪೀಡಕದ ಜಾಣತನಕ್ಕೆ ಸೇರಿದ್ದು. ಹಳೆಯ ಮಾದರಿ ಓಡಿ ನಿಂತು ಮತ್ತೆ ಓಡುವ ಹುಡುಗನಂತೆ, ಇನ್ವರ್ಟರ್ ಎಂದು ಹೆಸರಾದ ಹೊಸ ಮಾದರಿ ನಿಧಾನವಾಗಿ ನಿಲ್ಲದೆ ನಡೆಯುವ ಪ್ರಯಾಣಿಕನಂತೆ. ದೂರ ಒಂದೇ ಆದರೂ ಆಯಾಸ ಒಂದೇ ಅಲ್ಲ. ಇನ್ನು ಹಿಮ ಕಟ್ಟದ ಮಾದರಿಗಳೊಳಗೆ, ಸುರುಳಿಗೆ ಹತ್ತಿದ ಹಿಮವನ್ನು ಆಗಾಗ ಕರಗಿಸಲೆಂದು ಒಂದು ಪುಟ್ಟ ಹೀಟರೇ ಇರುತ್ತದೆ. ತಂಪಿನ ಪೆಟ್ಟಿಗೆಯೊಳಗೆ ಒಲೆಯನ್ನಿಟ್ಟು, ಅದರ ಉಷ್ಣವನ್ನೂ ಏತಕ್ಕೇ ವಹಿಸುವ ಈ ವೈಭೋಗಕ್ಕೂ ಮೀಟರು ಲೆಕ್ಕ ಬರೆಯುತ್ತದೆ.

ನೊರೆಯ ದಪ್ಪವನ್ನಾಗಲಿ ಸಂಪೀಡಕದ ಗುಣವನ್ನಾಗಲಿ ಅಂಗಡಿಯ ದೀಪದ ಬೆಳಕಿನಲ್ಲಿ ಕೊಳ್ಳುವವನು ಪರೀಕ್ಷಿಸಲಾರ. ಅವನಿಗೆ ಕಾಣುವುದು ಬಾಗಿಲಿನ ಹೂವಿನ ಚಿತ್ರ ಮಾತ್ರ. ಇಲ್ಲಿ ಶಾಸನ ಪ್ರವೇಶಿಸಬೇಕಾಯಿತು. ೨೦೦೧ರ ಇಂಧನ ಸಂರಕ್ಷಣಾ ಕಾಯ್ದೆಯ ಮೇರೆಗೆ ೨೦೦೨ರ ಮಾರ್ಚಿನಲ್ಲಿ ಕೇಂದ್ರದ ಇಂಧನ ದಕ್ಷತಾ ಬ್ಯೂರೋ ಸ್ಥಾಪಿತವಾಯಿತು. ೨೦೦೬ರ ಮೇ ತಿಂಗಳಲ್ಲಿ ಅದು ನಕ್ಷತ್ರದ ಚೀಟಿಯನ್ನು ಮೊದಲು ಐಚ್ಛಿಕವಾಗಿ ಆರಂಭಿಸಿತು. ೨೦೧೦ರಲ್ಲಿ ಹಿಮ ಕಟ್ಟದ ಫ್ರಿಜ್ಜು, ಕೋಣೆಯ ಏಸಿ, ಟ್ಯೂಬ್‌ಲೈಟು ಮೊದಲಾದವಕ್ಕೆ ಅದು ಕಡ್ಡಾಯವಾಯಿತು. ಕಾಲಕ್ರಮದಲ್ಲಿ ಗೀಸರು, ಟೀವಿ, ಎಲ್‌ಇಡಿ ದೀಪಗಳೂ, ೨೦೨೩ರ ಜನವರಿಯಿಂದ ಸೀಲಿಂಗ್ ಫ್ಯಾನೂ ಈ ಪಂಕ್ತಿಗೆ ಬಂದು ಕುಳಿತವು. ಪ್ರಯೋಗಶಾಲೆಯಲ್ಲಿ ಗೊತ್ತಾದ ಉಷ್ಣತೆಯಲ್ಲಿ, ಗೊತ್ತಾದ ವಿಧಿಯಂತೆ ಯಂತ್ರವನ್ನು ನಡೆಸಿ ಅಳೆದ ವಿದ್ಯುತ್ತಿನ ಲೆಕ್ಕವನ್ನು ಫ್ರಿಜ್ಜಿನ ಚೀಟಿಯ ಮೇಲೆ ವರ್ಷಕ್ಕೆ ಇಷ್ಟು ಯೂನಿಟ್ ಎಂದು ಅಚ್ಚುಹಾಕಿಸಬೇಕು. ಅದರ ಮೇಲೆ, ಅರ್ಧವೃತ್ತಾಕಾರದಲ್ಲಿ, ಒಂದರಿಂದ ಐದರವರೆಗೆ ನಕ್ಷತ್ರಗಳು.

ನಮ್ಮ ಕಣ್ಣು ನಕ್ಷತ್ರಕ್ಕೆ ಹಾರುತ್ತದೆ, ಅಂಕಿಯನ್ನು ದಾಟಿಬಿಡುತ್ತದೆ. ತಪ್ಪು ಆಗುವುದು ಅಲ್ಲಿಯೇ. ಅಂಕಿ ಅಳತೆ, ನಕ್ಷತ್ರ ತರಗತಿಯಲ್ಲಿನ ಸ್ಥಾನ. ಫ್ರಿಜ್ಜಿಗೆ ನಕ್ಷತ್ರ ಕೊಡುವಾಗ ಅದರ ಗಾತ್ರವನ್ನು ಗಣನೆಗೆ ತೆಗೆದುಕೊಂಡು, ಹೆಚ್ಚು ಶೀತಲವಾದ ಹಿಮಕೋಷ್ಠದ ಲೀಟರಿಗೆ ಅಧಿಕ ಮಾನ್ಯತೆಯಿತ್ತು, ಅಷ್ಟು ದೊಡ್ಡ ಪೆಟ್ಟಿಗೆಗೆ ಇಷ್ಟು ಖರ್ಚು ಸಹ್ಯವೆಂದು ನಿರ್ಣಯಿಸುತ್ತಾರೆ. ಆದುದರಿಂದ ಐದು ನಕ್ಷತ್ರದ ಭಾರಿ ಫ್ರಿಜ್ಜೊಂದು ಮೂರು ನಕ್ಷತ್ರದ ಪುಟ್ಟ ಫ್ರಿಜ್ಜಿಗಿಂತ ಹೆಚ್ಚು ವಿದ್ಯುತ್ತನ್ನು ನುಂಗುವುದು ಅಸಂಭವವೇನಲ್ಲ. ದೊಡ್ಡವರ ಪಂದ್ಯದಲ್ಲಿ ಗೆದ್ದವನು ಮಕ್ಕಳ ಪಂದ್ಯದಲ್ಲಿ ಗೆದ್ದವನಿಗಿಂತ ಕಡಿಮೆ ಉಣ್ಣುತ್ತಾನೆಂದು ಹೇಳಲಾಗುವುದೆ? ಒಂದೇ ಗಾತ್ರದ ಎರಡು ಫ್ರಿಜ್ಜುಗಳಲ್ಲಿ ಒಂದು ವರ್ಷಕ್ಕೆ ೩೦೦, ಇನ್ನೊಂದು ೨೦೦ ಯೂನಿಟ್ ಬೇಡುವುದಾದರೆ, ಯೂನಿಟ್ಟಿಗೆ ಆರು ರೂಪಾಯಿಯೆಂದು ಹಿಡಿದರೂ, ಹತ್ತು ವರ್ಷಕ್ಕೆ ಆರು ಸಾವಿರ ರೂಪಾಯಿಯ ಅಂತರ. ಅಂಗಡಿಯ ಬೆಲೆಯಲ್ಲಿ ಮೂರು ಸಾವಿರ ಉಳಿಸಿದವನು ವಾಸ್ತವವಾಗಿ ಮೂರು ಸಾವಿರ ಕಳೆದುಕೊಂಡಿರುತ್ತಾನೆ. ೨೦೨೩ರಿಂದ ಗೃಹಜ್ಯೋತಿ ಯೋಜನೆಯ ಶೂನ್ಯ ಬಿಲ್ಲನ್ನು ಕಾಣುತ್ತಿರುವ ಕರ್ನಾಟಕದ ಮನೆಗಳಿಗೆ ಈ ಲೆಕ್ಕ ಅನಾವಶ್ಯಕವೆನಿಸಬಹುದು. ಆದರೆ ಆ ರಿಯಾಯಿತಿಗೂ ತಿಂಗಳಿಗೆ ೨೦೦ ಯೂನಿಟ್ಟಿನ ಗಡಿಯುಂಟು, ಮತ್ತು ಆ ಗಡಿಯತ್ತ ನಮ್ಮನ್ನು ನಿದ್ರೆಯಲ್ಲಿಯೂ ತಳ್ಳುತ್ತಿರುವುದು ಈ ನಿದ್ರೆಯಿಲ್ಲದ ಯಂತ್ರವೇ.

ಸ್ಥಾನಕ್ಕೆ ಗಾತ್ರದ ಅಪೇಕ್ಷೆಯಿರುವಂತೆ ಕಾಲದ ಅಪೇಕ್ಷೆಯೂ ಇದೆ. ಯಂತ್ರಗಳು ಸುಧಾರಿಸಿದಂತೆಲ್ಲ ಬ್ಯೂರೋ ನಕ್ಷತ್ರಗಳನ್ನು ಮೇಲೆ ಮೇಲಕ್ಕೆ ಕಟ್ಟುತ್ತ ಹೋಗುತ್ತದೆ. ಏಸಿಯ ದೃಷ್ಟಾಂತ ಸ್ಪಷ್ಟವಾಗಿದೆ. ೨೪ರಿಂದ ೪೩ ಡಿಗ್ರಿಯವರೆಗಿನ ನಮ್ಮ ಹವೆಯಲ್ಲಿ ವರ್ಷಕ್ಕೆ ೧,೬೦೦ ಗಂಟೆ ನಡೆಯುವುದೆಂದು ಕಲ್ಪಿಸಿ, ಏಸಿ ಹೊರಹಾಕುವ ಉಷ್ಣವನ್ನು ಅದು ತಿನ್ನುವ ವಿದ್ಯುತ್ತಿನಿಂದ ಭಾಗಿಸಿದರೆ ಒಂದು ಅಂಕ ದೊರೆಯುತ್ತದೆ. ೨೦೧೮ರಲ್ಲಿ ಸ್ಪ್ಲಿಟ್ ಏಸಿಗೆ ಐದು ನಕ್ಷತ್ರ ದೊರೆಯಲು ಆ ಅಂಕ ೪.೫ ಇದ್ದರೆ ಸಾಕಾಗಿತ್ತು. ೨೦೨೨ರ ಜುಲೈಯಿಂದ ೫ ಬೇಕಾಯಿತು. ಅದುವರೆಗೆ ೪.೬ ಅಂಕದ ಯಂತ್ರ ಐದು ನಕ್ಷತ್ರದ ಗೌರವದಲ್ಲಿದ್ದುದು ಮರುದಿನ ನಾಲ್ಕಕ್ಕಿಳಿಯಿತು. ಯಂತ್ರದ ಒಂದು ಮೊಳೆಯೂ ಸಡಿಲವಾಗಿರಲಿಲ್ಲ, ಆಕಾಶವೇ ಎತ್ತರವಾಗಿತ್ತು.

ಹೀಗೆ ಎತ್ತರಿಸದಿದ್ದರೆ ಏನಾಗುವುದೆಂಬುದಕ್ಕೆ ಯೂರೋಪು ಸಾಕ್ಷಿ. ೧೯೯೨ರ ನಿರ್ದೇಶದ ಮೇರೆಗೆ ಅಲ್ಲಿ ‘ಎ’ ಇಂದ ‘ಜಿ’ ವರೆಗೆ ಏಳು ಶ್ರೇಣಿಗಳಿದ್ದವು. ಫ್ರಿಜ್ಜುಗಳೆಲ್ಲ ಸುಧಾರಿಸಿ ‘ಎ’ ಶ್ರೇಣಿಯಲ್ಲಿ ನೂಕುನುಗ್ಗಲಾದಾಗ, ಪಟ್ಟಿಯನ್ನು ಬಿಗಿಗೊಳಿಸುವ ಬದಲು ಮೇಲೆ ‘ಎ ಪ್ಲಸ್’, ‘ಎ ಪ್ಲಸ್ ಪ್ಲಸ್’ ಎಂಬ ಅಟ್ಟಗಳನ್ನು ಕಟ್ಟಿದರು. ಅದೂ ಸಾಲದೆ ಕೊನೆಗೆ ‘ಎ’ಯ ಹಿಂದೆ ಮೂರು ಪ್ಲಸ್. ಅಟ್ಟದ ಮೇಲೆ ಅಟ್ಟವೇರಿದಾಗ, ಬರಿಯ ‘ಎ’ ಎಂದರೆ ಉತ್ತಮವೆಂದು ನಂಬಿ ಕೊಂಡವನು ನಿಜವಾಗಿ ಕೆಳಮಟ್ಟದ ಸರಕನ್ನು ಕೊಳ್ಳುವಂತಾಯಿತು. ೨೦೨೧ರ ಮಾರ್ಚ್ ೧ರಂದು ಅಟ್ಟಗಳನ್ನೆಲ್ಲ ಕೆಡವಿ, ಮತ್ತೆ ‘ಎ’ ಇಂದ ‘ಜಿ’ ವರೆಗೆ ಹೊಸದಾಗಿ ಎಣಿಸಬೇಕಾಯಿತು. ಬಿಗಿಯಾದ ನಿಯಮದ ಫಲವನ್ನು ಅಮೆರಿಕದಲ್ಲಿ ಕಾಣಬಹುದು. ಅಲ್ಲಿ ೧೯೭೦ರ ದಶಕದ ಆದಿಯಲ್ಲಿ ಹೊಸ ಫ್ರಿಜ್ಜೊಂದು ವರ್ಷಕ್ಕೆ ಸರಾಸರಿ ಸುಮಾರು ೧,೮೦೦ ಯೂನಿಟ್ ಉಣ್ಣುತ್ತಿತ್ತು. ಭೌತವಿಜ್ಞಾನಿ ಆರ್ಥರ್ ರೋಸೆನ್‌ಫೆಲ್ಡ್ ಮೊದಲಾದವರ ಒತ್ತಾಸೆಯಿಂದ ಕ್ಯಾಲಿಫೋರ್ನಿಯ ಮೊದಲು, ಕೇಂದ್ರ ಸರ್ಕಾರ ಅನಂತರ, ಫ್ರಿಜ್ಜಿನ ಹಸಿವಿಗೆ ಮಿತಿ ವಿಧಿಸಿದುವು. ೨೦೦೧ರ ಹೊತ್ತಿಗೆ ಫ್ರಿಜ್ಜು ದೊಡ್ಡದಾಗಿಯೂ ಅದರ ಹಸಿವು ಸುಮಾರು ೫೦೦ ಯೂನಿಟ್ಟಿಗಿಳಿದಿತ್ತು.

ಚೀಟಿಯೇನೋ ಸತ್ಯವನ್ನು ಹೇಳುತ್ತದೆ, ಆದರೆ ಪ್ರಯೋಗಶಾಲೆಯ ಸತ್ಯವನ್ನು. ಅಲ್ಲಿ ಫ್ರಿಜ್ಜನ್ನು ಒಲೆಯ ಪಕ್ಕಕ್ಕೆ ಒತ್ತರಿಸಿ ನಿಲ್ಲಿಸುವವರಿಲ್ಲ. ಕುದಿಯುವ ಸಾರನ್ನು ಆರಿಸದೆ ಒಳಗಿಡುವವರಿಲ್ಲ. ಏನು ತಿನ್ನಲಿ ಎಂದು ಬಾಗಿಲು ತೆರೆದು ಚಿಂತನೆಗೆ ತೊಡಗುವ ಮಕ್ಕಳೂ ಇಲ್ಲ. ಗೋಡೆಗೂ ಫ್ರಿಜ್ಜಿಗೂ ನಡುವೆ ನಾಲ್ಕು ಬೆರಳಿನ ಅಂತರವಿರಿಸಿ ಗಾಳಿಯಾಡಗೊಡುವುದು, ಬಾಗಿಲಂಚಿನಲ್ಲಿ ಕಾಗದದ ಚೂರೊಂದನ್ನು ಸಿಕ್ಕಿಸಿ ಮುಚ್ಚಿ ಎಳೆದಾಗ ಅದು ಸಲೀಸಾಗಿ ಜಾರಿಬಂದರೆ ರಬ್ಬರನ್ನು ಬದಲಿಸುವುದು, ಇವು ನಕ್ಷತ್ರವನ್ನು ನಮ್ಮ ಮನೆಯಲ್ಲಿ ಬೆಳಗಿಸುವ ಎಣ್ಣೆ ಬತ್ತಿಗಳು.

ಈಚೆಗೆ ಫ್ರಿಜ್ಜು ಕೊಳ್ಳಲು ಹೋದಾಗ, ಅಂಗಡಿಯ ಹುಡುಗ ಬಾಗಿಲನ್ನು ತಟ್ಟಿ, “ಫೈವ್ ಸ್ಟಾರ್ ಸಾರ್, ಕಣ್ಮುಚ್ಚಿ ತಗೊಳ್ಳಿ” ಎಂದನು. ನಾನು ಕನ್ನಡಕ ಏರಿಸಿ, ಬಾಗಿ, ಚೀಟಿಯ ಮೂಲೆಯಲ್ಲಿ ಸಣ್ಣಗೆ ಅಚ್ಚಾಗಿದ್ದ ಅವಧಿಯನ್ನು ಓದಿದೆ: ಅದು ಮುಗಿದುಹೋದ ಅವಧಿ. “ಐದು ನಕ್ಷತ್ರ ಇದೆಯಲ್ಲ ಸಾರ್, ಇನ್ನೇನು ನೋಡ್ತೀರಿ?” ಎಂದು ಹುಡುಗ ಕೇಳಿದನು. ಸಂತೆಯ ಅಜ್ಜನಿಗೆ ನಾನು ಕೇಳಿದ್ದ ಪ್ರಶ್ನೆಯೇ ಅದು. ಉತ್ತರವೂ ನನಗೆ ಬಾಯಿಪಾಠವಾಗಿತ್ತು.