ಹಳೆಯ ಮದರ್‌ಬೋರ್ಡ್‌ಗೆ ಹಳೆಯ ಫೈಲೇ ಆಧಾರ

ತುಮಕೂರು, ಗುಬ್ಬಿ, ಕುಣಿಗಲ್ ಕಡೆಯ ಅಂಗಡಿ, ಮನೆಗಳಲ್ಲಿ ಹತ್ತು ಹದಿನೈದು ವರ್ಷ ಹಳೆಯ ಕಂಪ್ಯೂಟರ್‌ಗಳು ಈಗಲೂ ದುಡಿಯುತ್ತಿವೆ. ಬಿಲ್ ಹಾಕಲು, ಟ್ಯಾಲಿ ಕಲಿಯಲು ಅವು ಸಾಕು. ಇಂಥ ಕಂಪ್ಯೂಟರ್ ನಿಂತುಹೋದರೆ "ಬೋರ್ಡ್ ಹೋಗಿದೆ, ಹೊಸದು ತಗೊಳ್ಳಿ" ಎಂಬ ಮಾತು ಬರುತ್ತದೆ. ಆದರೆ ಕೆಲವು ಸಲ ಹಾಳಾಗಿರುವುದು ಬೋರ್ಡ್ ಅಲ್ಲ, ಅದರ ಚಿಪ್‌ನಲ್ಲಿರುವ ಒಂದು ಚಿಕ್ಕ ಫೈಲ್.

ಅದೇ ಬಯಾಸ್. ಸ್ವಿಚ್ ಒತ್ತಿದ ಕೂಡಲೇ ಮೊದಲು ಓಡುವ ಪ್ರೋಗ್ರಾಂ ಇದು. ಮೆಮೊರಿ, ಕೀಬೋರ್ಡ್, ಹಾರ್ಡ್ ಡಿಸ್ಕ್ ಸರಿಯಾಗಿವೆಯೇ ಎಂದು ನೋಡಿ, ಆಮೇಲೆ ವಿಂಡೋಸ್‌ಗೆ ಕೆಲಸ ಒಪ್ಪಿಸುತ್ತದೆ. ನಮ್ಮ ಕಾಮರ್ಸ್ ಭಾಷೆಯಲ್ಲಿ ಇದು ಆರಂಭಿಕ ಶಿಲ್ಕು ಇದ್ದಂತೆ. ಅದಿಲ್ಲದೆ ದಿನದ ಲೆಕ್ಕ ಶುರುವಾಗುವುದಿಲ್ಲ.

ಈ ಫೈಲ್ ಯಾವಾಗಲೂ ಸಿಗುತ್ತದೆ ಎಂದುಕೊಳ್ಳಬಾರದು. ಡೆಸ್ಕ್‌ಟಾಪ್ ಮದರ್‌ಬೋರ್ಡ್ ವ್ಯವಹಾರವನ್ನು ನಿಲ್ಲಿಸುವುದಾಗಿ ಇಂಟೆಲ್ 2013ರಲ್ಲಿ ಹೇಳಿತು. 2019ರ ನವೆಂಬರ್‌ನಲ್ಲಿ ತನ್ನ ಹಳೆಯ ಬೋರ್ಡ್‌ಗಳ ಬಯಾಸ್ ಫೈಲ್‌ಗಳನ್ನು ವೆಬ್‌ಸೈಟ್‌ನಿಂದ ತೆಗೆಯಿತು. ಬೋರ್ಡ್‌ಗಳು ಓಡುತ್ತಲೇ ಇದ್ದವು, ಫೈಲ್‌ಗಳು ಮಾತ್ರ ಇಲ್ಲವಾದವು. ಮೊದಲೇ ನಕಲು ಇಟ್ಟುಕೊಂಡವರು ಉಳಿದುಕೊಂಡರು.

ಹಾಗಾದರೆ ನಾವೇನು ಮಾಡಬಹುದು?

ಮೊದಲು ಬ್ಯಾಟರಿ ನೋಡಿ. ಪ್ರತಿ ಸಲ ಆನ್ ಮಾಡಿದಾಗ ದಿನಾಂಕ ಹಿಂದಕ್ಕೆ ಹೋಗಿದ್ದರೆ, ಬೋರ್ಡ್‌ನಲ್ಲಿರುವ ನಾಣ್ಯದಂಥ ಸಿಆರ್2032 ಬ್ಯಾಟರಿ ಮುಗಿದಿರಬಹುದು. ಇದು 3 ವೋಲ್ಟಿನದು. ದಿನಾಂಕ ತಪ್ಪಿದರೆ ಬಿಲ್‌ನ ತಾರೀಖೂ ತಪ್ಪುತ್ತದೆ, ಅನೇಕ ವೆಬ್‌ಸೈಟ್‌ಗಳು ತೆರೆಯುವುದಿಲ್ಲ. ಪ್ಲಗ್ ಕಿತ್ತು ಬ್ಯಾಟರಿ ಬದಲಾಯಿಸಿದರೆ ಸಾಕು. ಬಯಾಸ್ ಬೇರೆ ಚಿಪ್‌ನಲ್ಲಿ ಇರುವುದರಿಂದ ಅಳಿಸಿಹೋಗುವುದಿಲ್ಲ.

ಎರಡನೆಯದು, ಕಂಪ್ಯೂಟರ್ ಚೆನ್ನಾಗಿರುವಾಗಲೇ ಬೋರ್ಡ್ ಮೇಲೆ ಅಚ್ಚಾಗಿರುವ ಮಾಡೆಲ್ ಮತ್ತು ರಿವಿಷನ್ ನಂಬರ್ ಬರೆದುಕೊಳ್ಳಿ. ವಿಂಡೋಸ್‌ನ ಸಿಸ್ಟಮ್ ಇನ್ಫರ್ಮೇಷನ್‌ನಲ್ಲಿ ಬಯಾಸ್ ವರ್ಷನ್ ಸಿಗುತ್ತದೆ. ಅದೇ ನಂಬರಿನ ಫೈಲನ್ನು ಕಂಪನಿಯ ವೆಬ್‌ಸೈಟ್‌ನಿಂದ ಇಳಿಸಿ, ಎರಡು ಪೆನ್‌ಡ್ರೈವ್‌ಗಳಲ್ಲಿ ಇಡಿ. ಅಲ್ಲಿಲ್ಲದಿದ್ದರೆ ಇಂಟರ್ನೆಟ್ ಆರ್ಕೈವ್‌ನಲ್ಲಿ ಹುಡುಕಬಹುದು. ಗೊತ್ತಿಲ್ಲದ ಕಡೆಯಿಂದ ತಂದ ಫೈಲ್‌ನಲ್ಲಿ ವೈರಸ್ ಇರಬಹುದು.

ಮೂರನೆಯದು, ಫೈಲ್ ಸಿಕ್ಕಿತೆಂದು ಹಾಕಲು ಹೋಗಬೇಡಿ. ಬಯಾಸ್ ಬರೆಯುವಾಗ ಕರೆಂಟ್ ಹೋದರೆ ಚಿಪ್‌ನಲ್ಲಿ ಅರ್ಧ ಮಾತ್ರ ಉಳಿಯುತ್ತದೆ, ಮತ್ತೆ ಕಂಪ್ಯೂಟರ್ ಆನ್ ಆಗದೇ ಇರಬಹುದು. ಬೇರೆ ರಿವಿಷನ್‌ನ ಫೈಲ್ ಹಾಕಿದರೂ ಅದೇ ಗತಿ. ನಿಜವಾಗಿ ಅಗತ್ಯವಿದ್ದರೆ ಮಾತ್ರ, ಯುಪಿಎಸ್ ಇಟ್ಟುಕೊಂಡು, ತಿಳಿದವರ ಜೊತೆ ಮಾಡಿ.

ಬಯಾಸ್ ಕೆಟ್ಟೇ ಹೋದರೂ ದಾರಿ ಇದೆ. ರಿಪೇರಿ ಮಾಡುವವರು ಪ್ರೋಗ್ರಾಮರ್ ಎಂಬ ಚಿಕ್ಕ ಸಾಧನದಿಂದ ಚಿಪ್‌ಗೆ ಮತ್ತೆ ಬರೆಯಬಲ್ಲರು. ಅವರು ಮೊದಲು ಕೇಳುವುದು ಸರಿಯಾದ ಫೈಲನ್ನೇ. ಅದು ನಿಮ್ಮ ಪೆನ್‌ಡ್ರೈವ್‌ನಲ್ಲಿದ್ದರೆ ಹೊಸ ಕಂಪ್ಯೂಟರಿನ ಖರ್ಚು ತಪ್ಪಬಹುದು. ಬೋರ್ಡ್ ನಂಬರನ್ನು ಒಂದು ಚೀಟಿಯಲ್ಲಿ ಬರೆದು ಕ್ಯಾಬಿನೆಟ್‌ನ ಹೊರಗೆ ಅಂಟಿಸಿಡಿ. ಕಂಪ್ಯೂಟರ್ ನಿಂತ ದಿನ ಅದನ್ನು ಹುಡುಕುವ ಕೆಲಸ ಉಳಿಯುತ್ತದೆ.