ಹೊರಗೆ ಹಿಮ, ಒಳಗೆ ಸೆಕೆ

ನ್ಯೂಯಾರ್ಕ್‌ನಿಂದ ಕಾರಿನಲ್ಲಿ ಸುಮಾರು ಎರಡು ಗಂಟೆ ಹೋದರೆ ಪೆನ್ಸಿಲ್ವೇನಿಯಾದ ಪೊಕೊನೋ ಬೆಟ್ಟಸಾಲಿನಲ್ಲಿ ಕ್ಯಾಮಲ್‌ಬ್ಯಾಕ್ ಎಂಬ ಸ್ಕೀ ರೆಸಾರ್ಟ್ ಸಿಗುತ್ತದೆ. ಬೆಟ್ಟ ದೊಡ್ಡದೇನಲ್ಲ, ಎತ್ತರ ಸುಮಾರು 650 ಮೀಟರ್, ನಮ್ಮ ನಂದಿಬೆಟ್ಟದ ಅರ್ಧಕ್ಕೂ ಕಡಿಮೆ. 2015ರಲ್ಲಿ ಅದರ ಬುಡದಲ್ಲಿ ಅಕ್ವಾಟೋಪಿಯಾ ಎಂಬ ಒಳಾಂಗಣ ವಾಟರ್‌ಪಾರ್ಕ್ ಶುರುವಾಯಿತು. ಬೆಳಿಗ್ಗೆ ಜಾಕೆಟ್ಟು, ಕೈಗವಸು ತೊಟ್ಟು ಹಿಮದ ಮೇಲೆ ಜಾರಿದ ಮಕ್ಕಳು ಮಧ್ಯಾಹ್ನ ಈಜುಡುಗೆಯಲ್ಲಿ ನೀರಿಗೆ ಜಾರುತ್ತಾರೆ. ಇಂಥ ಕಡೆ ಎಂಜಿನಿಯರುಗಳ ತಲೆನೋವು ಮಾತ್ರ ಒಂದೇ: ನೀರು ಆವಿಯಾಗುವುದು. ಹೊರಗೆ ಅದು ಆಗಲೇಬೇಕು, ಒಳಗೆ ಆದಷ್ಟೂ ಕಷ್ಟ.

ಇಷ್ಟು ತಗ್ಗಿನ ಬೆಟ್ಟಕ್ಕೆ ಆಕಾಶದಿಂದ ಬೀಳುವ ಹಿಮ ಸಾಲದು. ಹಾಗಾಗಿ ಇಳಿಜಾರಿನುದ್ದಕ್ಕೂ ಸ್ನೋ ಗನ್‌ಗಳಿವೆ. ಅವು ನೀರನ್ನು ಒತ್ತಡದ ಗಾಳಿಯೊಂದಿಗೆ ಸಣ್ಣ ಹನಿಗಳಾಗಿ ಸಿಡಿಸುತ್ತವೆ. ಹನಿ ನೆಲ ಮುಟ್ಟುವಷ್ಟರಲ್ಲಿ ಹೆಪ್ಪುಗಟ್ಟಿರಬೇಕು. ಒಂದು ಗ್ರಾಂ ನೀರು ಹೆಪ್ಪುಗಟ್ಟುವಾಗ 80 ಕ್ಯಾಲೊರಿ ಶಾಖ ಬಿಡುತ್ತದೆ. ಅದನ್ನು ಯಾರಾದರೂ ಹೊತ್ತೊಯ್ಯಬೇಕಲ್ಲ? ಚಳಿಗಾಳಿ ಒಂದಷ್ಟು ಒಯ್ಯುತ್ತದೆ, ಉಳಿದದ್ದು ಆವಿಯ ಪಾಲು. ಒಂದು ಗ್ರಾಂ ನೀರು ಆವಿಯಾಗುವಾಗ ಹತ್ತಿರ ಹತ್ತಿರ 600 ಕ್ಯಾಲೊರಿ ಹೀರಿಕೊಳ್ಳುತ್ತದೆ. ಲೆಕ್ಕ ಹಾಕಿದರೆ, ಒಂದು ಪಾಲು ನೀರು ಆವಿಯಾಗಿ ಹೋದರೆ ಅದರ ಏಳು ಪಾಲಿನಷ್ಟು ನೀರನ್ನು ಹೆಪ್ಪುಗಟ್ಟಿಸಬಹುದು. ಬೇಸಿಗೆಯಲ್ಲಿ ಮಣ್ಣಿನ ಮಡಕೆ ನೀರು ತಣಿಸುವುದೂ ಇದೇ ದಾರಿಯಲ್ಲಿ.

ಹೀಗಾಗಿ ಹಿಮ ಮಾಡುವವರು ಬರೀ ಥರ್ಮಾಮೀಟರ್ ನೋಡುವುದಿಲ್ಲ, ಗಾಳಿಯ ತೇವವನ್ನೂ ನೋಡುತ್ತಾರೆ. ಒಣ ಹವೆಯಿದ್ದರೆ 1 ಡಿಗ್ರಿ ಸೆಲ್ಸಿಯಸ್‌ನಲ್ಲೂ ಹಿಮ ಹುಟ್ಟುತ್ತದೆ. ಮಂಜು ಕವಿದ ರಾತ್ರಿ ಸೊನ್ನೆ ಡಿಗ್ರಿಯಿದ್ದರೂ ಗನ್‌ನಿಂದ ಬರುವುದು ಬರೀ ನೀರು. ಕೆಲವು ಕಡೆ ನೀರಿಗೆ ಸ್ಯೂಡೊಮೊನಾಸ್ ಸಿರಿಂಜೆ ಎಂಬ ಬ್ಯಾಕ್ಟೀರಿಯಾದ ಪ್ರೋಟೀನನ್ನೂ ಬೆರೆಸುತ್ತಾರೆ. ಹರಳು ಕಟ್ಟಲು ಅದೇ ಬೀಜ. ಹೀಗೆ ಹುಟ್ಟಿದ್ದು ಆರು ಕವಲಿನ ಚೆಲುವಿನ ಹಿಮವಲ್ಲ, ಗುಂಡಗಿನ ಗಟ್ಟಿ ಕಾಳು. ಸುಲಭಕ್ಕೆ ಕರಗದು, ಬಿದ್ದರೆ ಮೈಗೂ ಮೆತ್ತಗಿರದು.

ಗಾಜಿನ ಬಾಗಿಲು ದಾಟಿ ಒಳಗೆ ಬಂದರೆ ಕಥೆ ತಿರುಗುಮುರುಗು. ಗಾಳಿ 30 ಡಿಗ್ರಿ, ತೇವಾಂಶ ಶೇ. 60 ಎಂದಿಟ್ಟುಕೊಳ್ಳಿ. ಆಗ ಒಂದು ಘನ ಮೀಟರ್ ಗಾಳಿಯಲ್ಲಿ ಸುಮಾರು 18 ಗ್ರಾಂ ನೀರಾವಿ ಇರುತ್ತದೆ, 21 ಡಿಗ್ರಿಗಿಂತ ತಣ್ಣಗಿರುವ ಯಾವುದೇ ಮೈ ಬೆವರುತ್ತದೆ. ಆ ಕಡೆ ಮೈನಸ್ 15 ಡಿಗ್ರಿ ಚಳಿಗೆ ಒಡ್ಡಿಕೊಂಡ ಕಿಟಕಿಯ ಗತಿ ಊಹಿಸಿ! ಅದಕ್ಕೇ ಗಾಜಿನ ಬುಡದಿಂದ ಬೆಚ್ಚನೆಯ ಒಣಗಾಳಿ ಊದುತ್ತಾರೆ. ಆವಿ ಗೋಡೆಯೊಳಗೆ ನುಸುಳಿ ಹೆಪ್ಪುಗಟ್ಟದಿರಲೆಂದು ಒಳಗಿನ ಒತ್ತಡವನ್ನು ತುಸು ಕಡಿಮೆಯೇ ಇಡುತ್ತಾರೆ. ಗಾಳಿಯನ್ನು ನೀರಿಗಿಂತ ಒಂದೆರಡು ಡಿಗ್ರಿ ಬೆಚ್ಚಗಿಡುವುದೂ ಆವಿಯ ಕೈಕಟ್ಟಲೆಂದೇ.

ಆವಿಯ ಜೊತೆ ಕ್ಲೋರಿನ್ ಸಂಬಂಧಿ ರಾಸಾಯನಿಕಗಳೂ ಮೇಲೇರುತ್ತವೆ. 1985ರಲ್ಲಿ ಸ್ವಿಟ್ಜರ್ಲೆಂಡಿನ ಊಸ್ಟರ್‌ನಲ್ಲಿ ಈಜುಕೊಳದ ಕಾಂಕ್ರೀಟ್ ಚಾವಣಿ ಕುಸಿದು 12 ಜನ ಸತ್ತರು. ಅದನ್ನು ಎತ್ತಿಹಿಡಿದಿದ್ದ ಸ್ಟೇನ್‌ಲೆಸ್ ಸ್ಟೀಲ್ ಸರಳುಗಳೇ ಕ್ಲೋರೈಡಿನಿಂದ ಬಿರುಕು ಬಿಟ್ಟಿದ್ದವು. ತುಕ್ಕು ಹಿಡಿಯದ ಉಕ್ಕು ಎಂಬ ನಂಬಿಕೆ ಅಲ್ಲಿ ಸುಳ್ಳಾಯಿತು.

ಈಜುಕೊಳದ ಆ ಘಾಟು ವಾಸನೆ ಶುದ್ಧ ನೀರಿನ ಗುರುತು ಎಂದು ಹಲವರು ಭಾವಿಸುತ್ತಾರೆ. ನಿಜಕ್ಕೂ ಅದು ಕ್ಲೋರಿನ್ ನಮ್ಮ ಬೆವರು, ಮೂತ್ರದ ಜೊತೆ ಕೂಡಿ ಹುಟ್ಟುವ ಕ್ಲೋರಮೈನ್‌ಗಳದು. ಟ್ರೈಕ್ಲೋರಮೈನ್ ನೀರಲ್ಲಿ ನಿಲ್ಲದೆ ಗಾಳಿಗೆ ಏರುತ್ತದೆ. ಜಾರುಬಂಡಿಗಳ ಸಿಡಿತ ಅದನ್ನು ಇನ್ನಷ್ಟು ಎಬ್ಬಿಸುತ್ತದೆ. 2007ರಲ್ಲಿ ಅಮೆರಿಕದ ಓಹಾಯೊ ರಾಜ್ಯದ ಒಳಾಂಗಣ ವಾಟರ್‌ಪಾರ್ಕ್ ಒಂದರ ಸಿಬ್ಬಂದಿಗೆ ಕಣ್ಣುರಿ, ಕೆಮ್ಮು ಕಾಡಿ, ಸರ್ಕಾರಿ ತಜ್ಞರೇ ತನಿಖೆಗೆ ಬಂದಿದ್ದರು. ಮದ್ದು ಹೊಸ ಗಾಳಿ. ಆದರೆ ಚಳಿಗಾಲದಲ್ಲಿ ಹೊರಗಿನ ಗಾಳಿಯನ್ನು ಕಾಯಿಸಿ ಒಳಬಿಡುವುದು ದುಬಾರಿ, ಹಳೆಯದನ್ನೇ ಸುತ್ತಿಸುವ ಆಸೆ ಸಹಜ. ಇನ್ನೊಂದು ಮದ್ದಿಗೆ ಖರ್ಚೇ ಇಲ್ಲ: ಮಕ್ಕಳನ್ನು ಕೊಳಕ್ಕೆ ಇಳಿಸುವ ಮುಂಚೆ ಶೌಚಾಲಯಕ್ಕೆ ಕಳಿಸಿ, ಸೋಪು ಹಚ್ಚಿ ಮೀಯಿಸುವುದು.